ಹಟ್ಟಿ ಗೌಡನ ಕಟ್ಟಳೆ, ಸರ್ಕಾರದ ಕಡತ

ತುಮಕೂರಿನಿಂದ ಗುಬ್ಬಿ, ಕುಣಿಗಲ್ ಕಡೆ ಹೊರಟರೆ ಊರಿನ ಹೆಸರಿನ ಪಕ್ಕದಲ್ಲೇ ಗೊಲ್ಲರಹಟ್ಟಿ ಎಂಬ ಫಲಕ ಆಗಾಗ ಕಾಣುತ್ತದೆ. ದನ ಕುರಿ ಮೇಯಿಸುತ್ತಾ ಬಂದ ಕಾಡುಗೊಲ್ಲರು ಊರಿನಿಂದ ಆಚೆ, ಸುತ್ತ ಕಳ್ಳೆಬೇಲಿ ಹಾಕಿಕೊಂಡು ನೆಲೆ ನಿಂತ ಜಾಗಗಳಿವು. ಬೇಲಿಯೊಳಗಿನ ಆಡಳಿತ ಅವರದ್ದೇ. ಹಟ್ಟಿಗೊಬ್ಬ ಗೌಡ, ದೇವರಿಗೊಬ್ಬ ಪೂಜಾರಿ. ಮದುವೆ, ಮನೆಪಾಲು, ಜಗಳ, ಸೂತಕ ಎಲ್ಲವೂ ಅವರೆದುರೇ ತೀರ್ಮಾನವಾಗಬೇಕು. ಅಲ್ಲಿ ಬಗೆಹರಿಯದ್ದು ಕುಲದ ಮೇಲಿನ ಪಂಚಾಯ್ತಿಯಾದ ಕಟ್ಟೆಮನೆಗೆ ಹೋಗುತ್ತದೆ. ತಪ್ಪಿಗೆ ದಂಡ, ದಂಡಕ್ಕೂ ಬಗ್ಗದವನಿಗೆ ಕುಲದಿಂದ ಬಹಿಷ್ಕಾರ. ದನಗಾಹಿ ವೀರ ಜುಂಜಪ್ಪನ ಕಥೆಯನ್ನು ಗಣೆ ಎಂಬ ಕೊಳಲು ಊದುತ್ತಾ ರಾತ್ರಿಯಿಡೀ ಹಾಡುವ ಈ ಜನಕ್ಕೆ ಕಟ್ಟಳೆ ಮತ್ತು ದೈವ ಬೇರೆ ಬೇರೆಯಲ್ಲ.

ಇಷ್ಟು ಗಟ್ಟಿಯಾದ ವ್ಯವಸ್ಥೆ ಇದ್ದರೂ ಕಂದಾಯ ದಾಖಲೆಯಲ್ಲಿ ಅನೇಕ ಹಟ್ಟಿಗಳು ಊರೇ ಅಲ್ಲ. ತಲೆಮಾರುಗಳಿಂದ ವಾಸವಿರುವ ಮನೆಗೆ ಹಕ್ಕುಪತ್ರವಿಲ್ಲ, ಪತ್ರವಿಲ್ಲದೆ ಸಾಲವಿಲ್ಲ. ಹಟ್ಟಿ, ತಾಂಡಾ, ಹಾಡಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಶುರುವಾಗಿದ್ದು ತೀರಾ ಈಚೆಗೆ. ಅಲ್ಲಿನ ನಿವಾಸಿಗಳಿಗೆ ಮನೆಯ ಒಡೆತನ ಕೊಡಲೆಂದೇ ಭೂಸುಧಾರಣಾ ಕಾಯ್ದೆಗೆ 38ಎ ಕಲಮು ಸೇರಿತು. 2020ರಲ್ಲಿ ಶಿರಾ ಉಪಚುನಾವಣೆ ಹೊತ್ತಿಗೆ ಸರಿಯಾಗಿ ಕಾಡುಗೊಲ್ಲ ಅಭಿವೃದ್ಧಿ ನಿಗಮದ ಘೋಷಣೆಯೂ ಆಯಿತು. ಕಾಲ ನೋಡಿದರೆ ಕಾರಣ ಹೇಳಬೇಕಿಲ್ಲ.

ಸರ್ಕಾರ ಹಟ್ಟಿಯೊಳಗೆ ಕಾಲಿಡುವುದು ಹೆಚ್ಚಾಗಿ ಸೂತಕದ ವಿಷಯಕ್ಕೆ. ಮುಟ್ಟಾದವಳು, ಬಾಣಂತಿ ಹಟ್ಟಿಯ ಹೊರಗಿರಬೇಕು ಎಂಬುದು ಕಟ್ಟಳೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಆಚೆ, ಮಳೆ ಚಳಿಗೆ ಗುಡಿಸಲಲ್ಲಿದ್ದ ಹಸುಗೂಸೊಂದು ತೀರಿಕೊಂಡಿತು. ಹೀಗೆ ಹೆಂಗಸರನ್ನು ಹೊರಗಿಡುವುದು 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇದೇ ಸರ್ಕಾರ ಹಿಂದೆ ಹಟ್ಟಿಗಳ ಬಳಿ ಕೃಷ್ಣ ಕುಟೀರಗಳನ್ನು ಕಟ್ಟಿಸಿತ್ತು, ಹೊರಗಾದವರು ತಂಗಲಿ ಎಂದು! ಬಯಲಿಗಿಂತ ಸೂರು ಮೇಲು, ನಿಜ. ಆದರೆ ಗೌಡ ಹಾಕಿದ ಗೆರೆಗೆ ಇಟ್ಟಿಗೆ ಸಿಮೆಂಟು ಒದಗಿಸಿದಂತಾಯಿತಲ್ಲ?

ಕುಲದ ಹಿರಿಯರ ಅಧಿಕಾರವನ್ನೂ ಕಾನೂನನ್ನೂ ಹೊಂದಿಸುವ ಕಷ್ಟ ನಮಗೊಬ್ಬರಿಗೇ ಇರುವುದಲ್ಲ. ಶಾಂತಸಾಗರದ ಸಮೋವಾ ದ್ವೀಪದೇಶದಲ್ಲಿ ಮನೆತನದ ಯಜಮಾನನಿಗೆ ಮತಾಯಿ ಎನ್ನುತ್ತಾರೆ; ಮತಾಯಿಗಳು ಕೂಡುವ ಹಳ್ಳಿಸಭೆ ಫೋನೋ. 1962ರಲ್ಲಿ ನ್ಯೂಜಿಲೆಂಡಿನಿಂದ ಸ್ವತಂತ್ರವಾದಾಗ ಮತ ಹಾಕುವ ಹಕ್ಕೂ ಬಹುಪಾಲು ಮತಾಯಿಗಳದ್ದೇ. 1990ರಲ್ಲಿ ಅಲ್ಲಿ ಎರಡು ಕೆಲಸ ಒಟ್ಟಿಗೆ ನಡೆದವು: ಫೋನೋದ ಅಧಿಕಾರವನ್ನು ಕಾಯ್ದೆಯಲ್ಲಿ ಬರೆದರು, ವಯಸ್ಕರೆಲ್ಲರಿಗೂ ಮತ ಕೊಡಲು ಜನಮತದಲ್ಲಿ ಒಪ್ಪಿದರು. ದೇಶದ ಸುಮಾರು ಶೇ 80ರಷ್ಟು ನೆಲ ಇಂದಿಗೂ ಮನೆತನಗಳ ಸಾಮೂಹಿಕ ಒಡೆತನದಲ್ಲಿದೆ. ಅಲ್ಲೇನೂ ಎಲ್ಲ ಸರಿಯಾಗಿಲ್ಲ, ಚುನಾವಣೆಗೆ ನಿಲ್ಲಲು ಈಗಲೂ ಮತಾಯಿ ಆಗಿರಬೇಕು. ಆದರೂ ಹಿರಿಯರ ಅಧಿಕಾರ ಎಲ್ಲಿವರೆಗೆ ಎಂಬುದು ಬರಹದಲ್ಲಿದೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು.

ನಮ್ಮ ಹಟ್ಟಿಗೆ ಈಚಿನವರೆಗೂ ನೆಲವನ್ನೂ ಬರೆದುಕೊಡಲಿಲ್ಲ, ಗೌಡನ ಮಿತಿಯನ್ನೂ ಬರೆಯಲಿಲ್ಲ. ಸಾವಾದಾಗ ಜೀಪು ಬರುತ್ತದೆ, ತಹಶೀಲ್ದಾರರು ಅರಿವಿನ ಸಭೆ ಮಾಡುತ್ತಾರೆ, ಜೀಪು ಹೋದ ಮೇಲೆ ಪೂಜಾರಿಯ ಮಾತೇ ಉಳಿಯುತ್ತದೆ. ಹಕ್ಕುಪತ್ರ ಹಂಚುವ ಈ ಹೊತ್ತು ಬಿಟ್ಟರೆ ಇಂಥ ಅವಕಾಶ ಮತ್ತೆ ಬೇಗ ಸಿಗದು. ಪತ್ರದಲ್ಲಿ ಮನೆಯ ಹೆಂಗಸಿನ ಹೆಸರು ಕಡ್ಡಾಯವಾಗಿ ಸೇರಲಿ. ತನ್ನದೇ ಹೆಸರಿನ ಮನೆಯಿಂದ ಬಾಣಂತಿಯನ್ನು ಎಬ್ಬಿಸಿ ಕಳಿಸುವುದು ಗೌಡನಿಗೂ ಅಷ್ಟು ಸಲೀಸಾಗಲಾರದು.