ತಾತನ ಬಾಟಲಿಯಲ್ಲಿ ಎಷ್ಟು ಚಮಚ?

ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದರೆ ಮಲ್ಲಿಪಟ್ಟಣದ ತಾತಂದಿರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬಿಸಿಲಲ್ಲಿ ಬಸ್ಸಿಳಿದ ಮಗು, ಎದುರಿಗೇ ಅಂಗಡಿಯ ಫ್ರಿಜ್ಜು. ಬೇಡ ಅನ್ನಲು ಯಾರಿಗೆ ಮನಸ್ಸು ಬಂದೀತು? ಆ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ, ಬಾಟಲಿಯ ಬಗ್ಗೆ ಇದೆ.

ಮಕ್ಕಳೇ, ಒಂದು ಲೆಕ್ಕ ಮಾಡೋಣ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಶುಗರ್ಸ್’ ಎಂಬ ಸಾಲಿರುತ್ತದೆ, ಹುಡುಕಿ. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ. 250 ಮಿ.ಲೀ. ಕುಡಿದರೆ 25 ಗ್ರಾಂ. ಒಂದು ಟೀ ಚಮಚಕ್ಕೆ 4 ಗ್ರಾಂ ಹಿಡಿದರೂ ಆರು ಚಮಚ ದಾಟಿತು! ಅಷ್ಟನ್ನು ಅಜ್ಜಿಯ ಎದುರಿಗೆ ಒಂದು ಲೋಟ ನೀರಿಗೆ ಹಾಕಲು ಹೋಗಿ, ಮೂರನೆಯ ಚಮಚಕ್ಕೇ ‘ಸಾಕು ಕಣೋ’ ಅಂತ ಕೈ ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದೂ ಇದನ್ನೇ: ದೊಡ್ಡವರಿಗೇ ದಿನಕ್ಕೆ ಸುಮಾರು ಆರು ಚಮಚದೊಳಗಿದ್ದರೆ ಒಳ್ಳೆಯದು. ಮಾವಿನ ಚಿತ್ರವಿರುವ ಜೂಸ್ ಬಾಟಲಿಯೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು. ನಮ್ಮ ಶಾಲೆಯ ಮಕ್ಕಳು ಹಳೇ ರಟ್ಟಿನ ಮೇಲೆ ತಾವೇ ಬರೆದು ಹಾಕಬಹುದು.

ಹಲ್ಲಿನ ವಿಷಯ ಇನ್ನೂ ಬೇರೆ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲನ್ನು ಸವೆಸುತ್ತದೆ. ಒಂದೇ ಬಾಟಲಿಯನ್ನು ಗಂಟೆಗಟ್ಟಲೆ ಗುಟುಕರಿಸುತ್ತಾ ಕೂತರೆ ಹಲ್ಲಿಗೆ ಬಿಡುವೇ ಇಲ್ಲ. ಎರಡು ವರ್ಷದೊಳಗಿನ ಕೂಸಿಗಂತೂ ‘ಒಂದು ಗುಟುಕು ರುಚಿ ನೋಡಲಿ’ ಎಂಬುದೂ ಬೇಡ.

‘ಹಾಗಾದರೆ ಬೆಲ್ಲದ ಪಾನಕ?’ ಎಂದು ಅಜ್ಜಿಯರು ಕೇಳುತ್ತಾರೆ. ಬೆಲ್ಲವೂ ಸಕ್ಕರೆಯ ಅಣ್ಣನೇ, ಮುಚ್ಚಿಡುವುದೇಕೆ? ಆದರೆ ಪಾನಕ ರಾಮನವಮಿಗೆ ಒಂದು ಲೋಟ, ಜೊತೆಗೆ ಕೋಸಂಬರಿ. ದಿನಾ ಸಂಜೆ ಯಾರೂ ಕುಡಿಯುತ್ತಿರಲಿಲ್ಲ.

ಒಮ್ಮೆಲೇ ನಿಲ್ಲಿಸಿದರೆ ಮನೆಯಲ್ಲಿ ರಂಪ. ಮನೆಗೆ ತಂದಿಡುವುದನ್ನು ಮೊದಲು ಬಿಡಿ. ಕಣ್ಣಿಗೆ ಬೀಳದಿದ್ದರೆ ಅರ್ಧ ಹಟ ಇಳಿಯುತ್ತದೆ. ನಿಂಬೆ ಶರಬತ್ತಿಗೆ, ಹಾಲಿಗೆ ಹಾಕುವ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ತಾತ ಕೂಡ ತಮ್ಮ ಕಾಫಿಯಲ್ಲಿ ಇಳಿಸಬೇಕು, ಇಲ್ಲವಾದರೆ ಮೊಮ್ಮಗಳು ಸುಮ್ಮನೆ ಬಿಡುವಳೇ?

ಬಾಯಾರಿದಾಗ ಮೊದಲು ಮಡಕೆ ನೀರು. ಆಮೇಲೆ ನೀರುಮಜ್ಜಿಗೆ: ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಉಪ್ಪು. ಶುಂಠಿ ನಮ್ಮ ಕಡೆ ಹೊಲದಲ್ಲೇ ಸಿಗುತ್ತದೆ. ಜಜ್ಜುವ ಕೆಲಸ ಮಕ್ಕಳಿಗೇ ಕೊಡಿ, ತಾವೇ ಮಾಡಿದ್ದನ್ನು ಅವರು ಎರಡನೇ ಲೋಟ ಕೇಳಿ ಕುಡಿಯುತ್ತಾರೆ.