ಹಲ್ಲಿನ ಬೆಲೆ ಮತ್ತು ರೋಗಿಯ ಹಕ್ಕು

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ನಮ್ಮ ಹಿರಿಯರು ಬದುಕಿನ ವಿಪರ್ಯಾಸವನ್ನು ಸೂಚಿಸಲು ಬಳಸುತ್ತಿದ್ದರು. ಇಂದಿನ ಮಧ್ಯಮ ವರ್ಗದ ಪಾಲಿಗೆ ಅದು ಅಕ್ಷರಶಃ ನಿಜವಾಗಿದೆ. ಮಕ್ಕಳ ಓದು, ಮನೆ ಸಾಲ ಎಲ್ಲವೂ ಮುಗಿದು ನಿವೃತ್ತಿಯ ಹಣ ಕೈಸೇರುವ ಹೊತ್ತಿಗೆ ಬಾಯಲ್ಲಿ ಹಲ್ಲುಗಳು ಅಲುಗಾಡುತ್ತಿರುತ್ತವೆ. ಹೋದ ಹಲ್ಲನ್ನು ಮತ್ತೆ ಕಟ್ಟಿಕೊಡುವ ತಂತ್ರಜ್ಞಾನ ಈಗ ಲಭ್ಯವಿದೆ ಎಂಬುದೇನೋ ಸಮಾಧಾನದ ಸಂಗತಿ. ಆದರೆ ಒಂದು ಹಲ್ಲಿಗೆ ಹತ್ತಾರು ಸಾವಿರ, ಇಡೀ ಬಾಯಿಗೆ ಹಲವು ಲಕ್ಷ ರೂಪಾಯಿ ಬೇಡುವ ಈ ಚಿಕಿತ್ಸೆಯನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ನಿರ್ಧಾರವನ್ನು ನಾವು ಯಾವ ಆಧಾರದ ಮೇಲೆ ತೆಗೆದುಕೊಳ್ಳುತ್ತಿದ್ದೇವೆ?

ನಾನು ವಾಸಿಸುವ ಇಲವಾಲವನ್ನೇ ನೋಡಿ. ಮೈಸೂರು–ಹುಣಸೂರು ಹೆದ್ದಾರಿಯ ಈ ಊರು ಒಂದು ಕಾಲಕ್ಕೆ ಪ್ರಸಿದ್ಧವಾದದ್ದು 1957ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಡೆದ ಗ್ರಾಮದಾನ ಸಮ್ಮೇಳನದಿಂದ. ವಿನೋಬಾ ಭಾವೆ ಅವರ ಸಮ್ಮುಖದಲ್ಲಿ ಪ್ರಧಾನಿ ನೆಹರೂ ಸಹಿತ ನಾನಾ ಪಕ್ಷಗಳ ನಾಯಕರು ಇಲ್ಲಿ ಸೇರಿದ್ದರು. ಇಂದು ನಗರ ಹೂಟಗಳ್ಳಿಯನ್ನು ದಾಟಿ ಇಲವಾಲದವರೆಗೂ ಚಾಚಿಕೊಂಡಿದೆ. ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದಿವೆ. ಅಲ್ಲಿ ಮನೆ ಕಟ್ಟಿಕೊಂಡವರಲ್ಲಿ ನಿವೃತ್ತ ನೌಕರರ ಸಂಖ್ಯೆ ದೊಡ್ಡದು. ಇವರನ್ನು ಹಿಂಬಾಲಿಸಿ ದಂತ ಚಿಕಿತ್ಸಾಲಯಗಳ ಫಲಕಗಳೂ ಬಂದಿವೆ. ಮನೆಯ ಹತ್ತಿರವೇ ವೈದ್ಯರು ಸಿಗುವುದು ಸ್ವಾಗತಾರ್ಹ. ಆದರೆ ಹಬ್ಬದ ರಿಯಾಯಿತಿ, ಬಡ್ಡಿರಹಿತ ಕಂತು, 'ಒಂದೇ ದಿನದಲ್ಲಿ ಹೊಸ ಹಲ್ಲು' ಎಂಬ ಜಾಹೀರಾತುಗಳು ಮೊಬೈಲ್‌ನಲ್ಲಿ ತುಂಬಿರುವಾಗ, ಚಿಕಿತ್ಸೆಗೂ ಸೀರೆ ಅಂಗಡಿಯ ಮಾರಾಟಕ್ಕೂ ನಡುವಿನ ಗೆರೆ ಮಸುಕಾಗುತ್ತಿದೆ.

ಸಮಸ್ಯೆಯ ಮೂಲ ಇರುವುದು ಇಲ್ಲಿ. ಹೃದ್ರೋಗದಲ್ಲಿ ರೋಗ ಪತ್ತೆ ಮಾಡುವ ವೈದ್ಯರು, ಶಸ್ತ್ರಚಿಕಿತ್ಸೆ ಮಾಡುವವರು, ಬಿಲ್ ಬರೆಯುವವರು ಅನೇಕ ಸಲ ಬೇರೆ ಬೇರೆ. ಹಲ್ಲಿನ ವಿಷಯದಲ್ಲಿ ಮೂರೂ ಸಾಮಾನ್ಯವಾಗಿ ಒಬ್ಬರೇ. ಯಾವ ಹಲ್ಲು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ತೀರ್ಮಾನಿಸುವವರೇ ಅದರ ಜಾಗಕ್ಕೆ ಹೊಸದನ್ನು ಕೂರಿಸುವವರು. ಇದರಲ್ಲಿ ಅಪ್ರಾಮಾಣಿಕತೆ ಇರಲೇಬೇಕೆಂದಿಲ್ಲ. ಒಂದೇ ಎಕ್ಸ್-ರೇ ನೋಡಿ ಇಬ್ಬರು ನುರಿತ ವೈದ್ಯರು ಎರಡು ಸಮರ್ಥನೀಯ ಯೋಜನೆಗಳನ್ನು ಮುಂದಿಡಬಹುದು. ಆದರೆ ಆ ಎರಡರ ನಡುವೆ ಹಲವು ಲಕ್ಷ ರೂಪಾಯಿಗಳ ಅಂತರವಿರಬಹುದು ಮತ್ತು ತೆಗೆದ ಹಲ್ಲು ಮರಳಿ ಬರುವುದಿಲ್ಲ.

ನನ್ನ ಹತ್ತಿರದ ಬಂಧುವೊಬ್ಬರಿಗೆ ಇಂಥದೇ ಸಂದರ್ಭ ಎದುರಾಯಿತು. ಮೊದಲು ನೋಡಿದ ಕಡೆ, ಮೇಲಿನ ದವಡೆಯಲ್ಲಿ ಉಳಿದಿದ್ದ ಹತ್ತು ಹಲ್ಲುಗಳನ್ನೂ ತೆಗೆದು ಆರು ಇಂಪ್ಲಾಂಟ್ ಕೂರಿಸಬೇಕೆಂದರು. ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಟ್ಟು ಮೊತ್ತ ಮಾತ್ರ. ಅಂದೇ ಮುಂಗಡ ಕಟ್ಟಿದರೆ ರಿಯಾಯಿತಿ ಎಂಬ ಒತ್ತಾಯ ಬೇರೆ. ಎರಡನೆಯ ವೈದ್ಯರು ಪ್ರತಿ ಹಲ್ಲಿನ ಸುತ್ತಲಿನ ವಸಡಿನ ಆಳವನ್ನು ಅಳೆದು ಬರೆದುಕೊಂಡರು. ಉಳಿಸಲಾಗದವು ನಾಲ್ಕು ಮಾತ್ರ, ಮೊದಲು ವಸಡಿನ ಚಿಕಿತ್ಸೆಯಾಗಲಿ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ಮೂರು ತಿಂಗಳ ನಂತರ ಮುಂದಿನದನ್ನು ಯೋಚಿಸೋಣ ಎಂದರು. ಇಬ್ಬರಿಗೂ ಪದವಿಯಿತ್ತು, ಅನುಭವವಿತ್ತು. ವ್ಯತ್ಯಾಸ ಇದ್ದದ್ದು ಒಂದೇ ವಿಷಯದಲ್ಲಿ: ಒಬ್ಬರು ಬಂಧುವಿನ ಕಾಲಾವಕಾಶವನ್ನು ಕಸಿದುಕೊಳ್ಳಲು ನೋಡಿದರು, ಇನ್ನೊಬ್ಬರು ಅದನ್ನು ಕೊಟ್ಟರು.

ವಿಜ್ಞಾನವೂ ಹೇಳುವುದು ಇದನ್ನೇ. ಆಧುನಿಕ ಇಂಪ್ಲಾಂಟ್‌ನ ಪಿತಾಮಹ ಸ್ವೀಡನ್ನಿನ ಪರ್-ಇಂಗ್ವರ್ ಬ್ರೋನೆಮಾರ್ಕ್. ಮೂಳೆ ಗುಣವಾಗುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದಾಗ, ಮೊಲದ ಮೂಳೆಯಲ್ಲಿ ಇರಿಸಿದ್ದ ಟೈಟಾನಿಯಂ ಲೋಹವು ಬೇರ್ಪಡಿಸಲಾಗದಂತೆ ಮೂಳೆಗೆ ಬೆಸೆದುಕೊಂಡಿದ್ದನ್ನು ಅವರು ಕಂಡರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಅದನ್ನು ಅಳವಡಿಸಿದರು. ಈ ಬೆಸುಗೆಗೆ ಸಾಮಾನ್ಯವಾಗಿ ಕೆಲವು ತಿಂಗಳು ಬೇಕು. ಆಯ್ದ ರೋಗಿಗಳಲ್ಲಿ ಬೇಗನೆ ಹಲ್ಲು ಕೂರಿಸಲು ಸಾಧ್ಯವಾದರೂ ಎಲ್ಲರಿಗೂ ಅದು ಹೊಂದದು. ಧೂಮಪಾನ, ಹತೋಟಿಗೆ ಬಾರದ ಮಧುಮೇಹ, ವಾಸಿಯಾಗದ ವಸಡಿನ ರೋಗ ಇವೆಲ್ಲ ಇಂಪ್ಲಾಂಟ್ ವಿಫಲವಾಗುವ ಸಂಭವವನ್ನು ಹೆಚ್ಚಿಸುತ್ತವೆ. ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಕೆಲವು ಔಷಧಗಳಿಂದ ದವಡೆಯ ಮೂಳೆಗೇ ಅಪಾಯವಾಗಬಹುದು. ಹೀಗಾಗಿ ರಕ್ತ ಪರೀಕ್ಷೆಯ ವರದಿ, ಸೇವಿಸುತ್ತಿರುವ ಮಾತ್ರೆಗಳ ವಿವರ ಇವನ್ನು ಕೇಳದೆ ದರ ಹೇಳುವ ಕಡೆ ಎಚ್ಚರ ಅಗತ್ಯ. ಹಲ್ಲಿನ ಕಾಯಿಲೆಯಲ್ಲಿ ತುರ್ತು ಎನ್ನಬಹುದಾದದ್ದು ನೋವು, ಬಾವು, ರಕ್ತಸ್ರಾವ. ಅವನ್ನು ಶಮನ ಮಾಡಿದ ಮೇಲೆ ಲಕ್ಷಾಂತರ ರೂಪಾಯಿಯ ಪುನರ್ನಿರ್ಮಾಣಕ್ಕೆ ವಾರ ಎರಡು ವಾರ ಯೋಚಿಸಿದರೆ ಸಾಮಾನ್ಯವಾಗಿ ನಷ್ಟವೇನಿಲ್ಲ.

ಹಾಗಾದರೆ ಸರಿಯಾದ ವೈದ್ಯರನ್ನು ಗುರುತಿಸುವುದು ಹೇಗೆ? ಕಟ್ಟಡದ ಥಳಕು, ಯಂತ್ರಗಳ ಸಂಖ್ಯೆ ಅಳತೆಗೋಲಲ್ಲ; ಅತಿ ಕಡಿಮೆ ದರವೂ ಅಲ್ಲ, ಅತಿ ಹೆಚ್ಚು ದರವೂ ಅಲ್ಲ. ನನ್ನ ದೃಷ್ಟಿಯಲ್ಲಿ ಅಳತೆಗೋಲು, ಅವರು ಬರಹದಲ್ಲಿ ಏನನ್ನು ಕೊಡಲು ಸಿದ್ಧರಿದ್ದಾರೆ ಎಂಬುದು. ಯಾವ ಹಲ್ಲಿಗೆ ಯಾವ ಚಿಕಿತ್ಸೆ, ಏಕೆ, ಎಷ್ಟು ಹಂತ, ಪ್ರತಿ ಹಂತಕ್ಕೆ ಎಷ್ಟು ಖರ್ಚು ಎಂಬ ವಿವರ ಕಾಗದದ ಮೇಲಿರಬೇಕು. ಪರ್ಯಾಯಗಳೂ ಇರಬೇಕು. ತೆಗೆದು ಹಾಕುವ ಹಲ್ಲುಸೆಟ್ಟು ಅಗ್ಗ, ಆದರೆ ಅಗಿಯುವ ಶಕ್ತಿ ಕಡಿಮೆ. ಬ್ರಿಡ್ಜ್‌ಗೆ ಕಾಲ ಕಡಿಮೆ ಸಾಕು, ಆದರೆ ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ಅರೆಯಬೇಕಾಗುತ್ತದೆ. ಇಂಪ್ಲಾಂಟ್ ಪಕ್ಕದ ಹಲ್ಲನ್ನು ಮುಟ್ಟುವುದಿಲ್ಲ, ಆದರೆ ಶಸ್ತ್ರಚಿಕಿತ್ಸೆ, ಸಮಯ, ಹಣ ಮೂರನ್ನೂ ಬೇಡುತ್ತದೆ. ಈ ಮೂರನ್ನೂ ತೂಗಿ ಹೇಳುವವರು ನಂಬಿಕೆಗೆ ಅರ್ಹರು. ಒಂದನ್ನೇ ಹೇಳುವವರನ್ನು ಉಳಿದೆರಡರ ಬಗ್ಗೆ ನಾವೇ ಕೇಳಬೇಕು.

ಇನ್ನೊಂದು ಮುಖ್ಯ ಪ್ರಶ್ನೆ ಹೊಣೆಗಾರಿಕೆಯದು. ನಗರದ ಅಂಚಿನ ಚಿಕಿತ್ಸಾಲಯಗಳಿಗೆ ತಜ್ಞರು ವಾರಕ್ಕೊಮ್ಮೆ ಬಂದು ಹೋಗುವುದುಂಟು. ಅದು ತಪ್ಪಲ್ಲ, ವಸಡಿಗೆ, ಬೇರಿಗೆ, ಕೃತಕ ಹಲ್ಲಿಗೆ, ಬಾಯಿಯ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಎಂಡಿಎಸ್ ಪದವಿಗಳಿರುವಾಗ ಅದು ಒಳ್ಳೆಯದೇ. ಆದರೆ ಕತ್ತರಿಸುವವರು ಯಾರು, ಹಲ್ಲು ಕೂರಿಸುವವರು ಯಾರು, ಎರಡು ವರ್ಷದ ನಂತರ ಸ್ಕ್ರೂ ಸಡಿಲವಾದರೆ ಬಾಗಿಲು ತಟ್ಟಬೇಕಾದದ್ದು ಯಾರದು ಎಂಬುದು ಮೊದಲೇ ಸ್ಪಷ್ಟವಾಗಿರಬೇಕು. ಅಳವಡಿಸಿದ ಇಂಪ್ಲಾಂಟ್‌ನ ಕಂಪನಿ, ಅಳತೆ, ತಯಾರಿಕಾ ಸಂಖ್ಯೆಯಿರುವ ಚೀಟಿಯನ್ನು ಕೇಳಿ ಪಡೆದು ಮನೆಪತ್ರದಂತೆ ಜೋಪಾನ ಮಾಡಬೇಕು. ನಾಳೆ ಬೇರೆ ಊರಿನಲ್ಲಿ ದುರಸ್ತಿಯಾಗಬೇಕಾದರೆ ಅದಿಲ್ಲದೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಇವೆಲ್ಲ ರೋಗಿಯ ಸೌಜನ್ಯದ ಕೋರಿಕೆಗಳಲ್ಲ, ಹಕ್ಕುಗಳು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯನ್ನು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೆಂದು ಭಾವಿಸುವಂತಿಲ್ಲ, ಪರ್ಯಾಯಗಳನ್ನೂ ಅಪಾಯಗಳನ್ನೂ ತಿಳಿಸಿದ ಮೇಲೆ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸ್ಪಷ್ಟಪಡಿಸಿತು. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು, ದಾಖಲೆಗಳ ಪ್ರತಿ ಪಡೆಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರ ತನ್ನ ಸನ್ನದಿನಲ್ಲಿ ಪಟ್ಟಿ ಮಾಡಿದೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು.

ಕರ್ನಾಟಕದಲ್ಲಿ ಇದಕ್ಕೊಂದು ರಾಜಕೀಯ ಇತಿಹಾಸವೂ ಇದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ನವೆಂಬರ್‌ನಲ್ಲಿ ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಮೆದುವಾದ ರೂಪದಲ್ಲಿ ಅಂಗೀಕಾರವಾಯಿತು. ದರಪಟ್ಟಿಯ ಪ್ರದರ್ಶನ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಅದರಿಂದ ದೊರೆತ ಫಲಗಳು. ಆದರೆ ಗೋಡೆಯ ಮೇಲಿನ ದರಪಟ್ಟಿಯಿಂದ ಹಲ್ಲಿನ ರೋಗಿಗೆ ಆಗುವ ಪ್ರಯೋಜನ ಅಲ್ಪ. 'ಇಂಪ್ಲಾಂಟ್' ಎಂದು ಬರೆದ ದರದಲ್ಲಿ ಮೂಳೆಯೊಳಗಿನ ಸ್ಕ್ರೂ ಮಾತ್ರ ಸೇರಿದೆಯೋ, ಮೇಲಿನ ಕ್ಯಾಪ್ ಕೂಡ ಸೇರಿದೆಯೋ, ಸ್ಕ್ಯಾನ್, ಮೂಳೆ ತುಂಬುವ ಖರ್ಚು ಬೇರೆಯೋ ಎಂಬುದು ಫಲಕದಿಂದ ತಿಳಿಯುವುದಿಲ್ಲ. ಅದೇ 2017ರಲ್ಲಿ ಕೇಂದ್ರ ಸರ್ಕಾರ ಹೃದಯದ ಸ್ಟೆಂಟ್‌ಗೂ ಕೃತಕ ಮಂಡಿಗೂ ಗರಿಷ್ಠ ಬೆಲೆ ನಿಗದಿ ಮಾಡಿತು. ಆಗ ಹಲ್ಲಿನ ಇಂಪ್ಲಾಂಟ್ ಯಾರ ನೆನಪಿಗೂ ಬರಲಿಲ್ಲ.

ಹಲ್ಲನ್ನು ದೇಹದಿಂದ ಬೇರೆಯೆಂದು ಕಾಣುವ ಈ ಧೋರಣೆ ನಮ್ಮದು ಮಾತ್ರವಲ್ಲ. ಎಲ್ಲರಿಗೂ ಉಚಿತ ಚಿಕಿತ್ಸೆಯೆಂಬ ಘೋಷಣೆಯೊಂದಿಗೆ 1948ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಮೂರೇ ವರ್ಷಗಳಲ್ಲಿ ಹಲ್ಲುಸೆಟ್ಟು ಮತ್ತು ಕನ್ನಡಕಕ್ಕೆ ಶುಲ್ಕ ವಿಧಿಸಲು ಮುಂದಾಯಿತು. ಆ ಸೇವೆಯ ಶಿಲ್ಪಿ ಅನೈರಿನ್ ಬೆವನ್ ಅದನ್ನು ವಿರೋಧಿಸಿ 1951ರಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು. ನಮ್ಮಲ್ಲಂತೂ ಬಹುತೇಕ ಆರೋಗ್ಯ ವಿಮೆಗಳು ಅಪಘಾತದ ಪ್ರಕರಣ ಬಿಟ್ಟರೆ ಹಲ್ಲಿನ ಖರ್ಚನ್ನು ಹೊರಗಿಡುತ್ತವೆ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ನೀಡಲೆಂದು ರಾಜ್ಯ ಸರ್ಕಾರ 2014-15ರಲ್ಲಿ 'ದಂತ ಭಾಗ್ಯ' ಯೋಜನೆಯನ್ನು ತಂದಿತು. ಆ ರೇಖೆಗಿಂತ ತುಸುವೇ ಮೇಲಿರುವ ಪಿಂಚಣಿದಾರ ಪೂರ್ತಿ ಹಣವನ್ನು ತನ್ನ ಜೇಬಿನಿಂದಲೇ ತೆರಬೇಕು. ಅಂಥವರಿಗೆ ತಪ್ಪು ಆಯ್ಕೆಯ ಬೆಲೆ ಜೀವಮಾನದ ಉಳಿತಾಯ.

ವೈದ್ಯರ ಕಷ್ಟವನ್ನೂ ಮರೆಯುವಂತಿಲ್ಲ. ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯ ನಮ್ಮದು. ಸರ್ಕಾರಿ ಹುದ್ದೆಗಳು ಬೆರಳೆಣಿಕೆಯಷ್ಟು. ಸಾಲ ಮಾಡಿ ಕುರ್ಚಿ, ಯಂತ್ರ ಹಾಕಿಕೊಂಡ ಯುವ ವೈದ್ಯರು ಪೈಪೋಟಿಯಲ್ಲಿ ರಿಯಾಯಿತಿಯ ಮೊರೆ ಹೋಗುವುದು ಅನಿವಾರ್ಯವೆನ್ನಿಸಬಹುದು. ಆದರೆ ತಾಳ್ಮೆಯಿಂದ ವಿವರಿಸುವ ವೈದ್ಯರೇ ಈ ಪೈಪೋಟಿಯಲ್ಲಿ ಸೋಲುವಂತಾದರೆ ನಷ್ಟ ಇಬ್ಬರಿಗೂ.

ಮೈಸೂರಿನವರಿಗೆ ಒಂದು ಅನುಕೂಲವಿದೆ. 1986ರಲ್ಲಿ ಸ್ಥಾಪನೆಯಾದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು, ಫಾರೂಖಿಯಾ ದಂತ ವೈದ್ಯಕೀಯ ಕಾಲೇಜು ಇಲ್ಲೇ ಇವೆ. ಬೋಧನಾ ಆಸ್ಪತ್ರೆಗಳಲ್ಲಿ ಎಲ್ಲ ವಿಭಾಗಗಳ ತಜ್ಞರೂ ಒಂದೇ ಸೂರಿನಡಿ ಸಿಗುತ್ತಾರೆ. ವಿದ್ಯಾರ್ಥಿಗಳು ಅಧ್ಯಾಪಕರ ನಿಗಾದಲ್ಲಿ ಕೆಲಸ ಮಾಡುವುದರಿಂದ ಕಾಲ ಹೆಚ್ಚು ಹಿಡಿಯುತ್ತದೆ, ಸರದಿಯಲ್ಲಿ ಕಾಯಬೇಕಾಗುತ್ತದೆ. ಕೊನೆಗೆ ಚಿಕಿತ್ಸೆ ಮನೆಯ ಹತ್ತಿರದ ವೈದ್ಯರಲ್ಲೇ ಆಗಲಿ, ಅದಕ್ಕೆ ಮುನ್ನ ಎರಡನೆಯ ಅಭಿಪ್ರಾಯಕ್ಕಾಗಿ ಅಲ್ಲಿಗೊಮ್ಮೆ ಹೋಗಿಬರುವುದು ವಿವೇಕ. ಹಾಗೆ ಹೋಗಿ ಬಂದೆನೆಂದು ತಿಳಿಸಿದಾಗ ಮುನಿಸಿಕೊಳ್ಳದ ವೈದ್ಯರೇ ಯೋಗ್ಯರು ಎಂಬುದು ನನ್ನ ಅನುಭವ.

ಸರ್ಕಾರ ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಹಲ್ಲಿನ ಚಿಕಿತ್ಸೆಗೆ ಹಂತವಾರು ಲಿಖಿತ ಅಂದಾಜು ಮತ್ತು ಪರ್ಯಾಯಗಳ ವಿವರ ಕಡ್ಡಾಯವಾಗಲಿ. ಅಂದಾಜು ಕೊಟ್ಟ ದಿನವೇ ಮುಂಗಡ ಪಡೆಯುವುದು ನಿಷಿದ್ಧವಾಗಲಿ. ಈಗಿರುವ ಕಾಯ್ದೆಯಡಿಯ ನಿಯಮಗಳಿಗೆ ಒಂದು ಪುಟ ಸೇರಿಸುವಷ್ಟರ ಕೆಲಸವಿದು. 1948ರ ದಂತ ವೈದ್ಯರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದಾಗ ಚರ್ಚೆಯ ಒತ್ತು ಶಿಕ್ಷಣದ ಗುಣಮಟ್ಟದ ಮೇಲಿತ್ತು. ಆ ಶಿಕ್ಷಣದ ಫಲ ಉಣ್ಣಬೇಕಾದ ರೋಗಿಯ ಕಡೆಗೂ ಗಮನ ಹರಿಯಬೇಕಿದೆ. ಅಲ್ಲಿಯವರೆಗೆ, 'ಬರೆದು ಕೊಡಿ, ಯೋಚಿಸಿ ಬರುತ್ತೇನೆ' ಎಂದು ಹೇಳುವ ಸಂಕೋಚವನ್ನು ನಾವು ಬಿಡಬೇಕು. ಸೈಟು ಕೊಳ್ಳುವಾಗ ಹತ್ತು ಸಲ ಪತ್ರ ಪರಿಶೀಲಿಸುವವರು ಬಾಯಿಯ ವಿಷಯದಲ್ಲಿ ಮಾತ್ರ ಕೇಳದೆ ಸಹಿ ಹಾಕುವುದೇಕೆ?