ಮೂತ್ರದ ಡಬ್ಬಿಗೆ ಡಾಕ್ಟರ ಚೀಟಿ ಓದಲು ಬರುವುದಿಲ್ಲ

ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಮೂತ್ರ ಪರೀಕ್ಷೆ ಮಾಡಿಸುವ ಕಂಪನಿಗಳ ಮೇಲೆ ನನ್ನದೊಂದು ತಕರಾರಿದೆ. ಗಾಂಜಾ, ಕೊಕೇನ್ ಸೇವಿಸುವವರನ್ನು ಹೊರಗಿಡಲು ಈ ಪರೀಕ್ಷೆ ಎನ್ನುತ್ತಾರೆ. ಇರಲಿ. ಆದರೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ದಿನವೂ ತಪ್ಪದೆ ನುಂಗುವವನೂ ಅದೇ ಬಲೆಗೆ ಬೀಳುತ್ತಾನೆ. ಬಲೆ ಬೀಸಿದವರಿಗೆ ಇದು ಗೊತ್ತಿದೆ. ಗೊತ್ತಿದ್ದೂ ಸುಮ್ಮನಿರುವುದೇ ನನ್ನ ಸಿಟ್ಟಿಗೆ ಕಾರಣ.

ನನಗೆ ಫಿಟ್ಸ್ ಇದೆ. 11ನೇ ವಯಸ್ಸಿನಿಂದ ಫಿನೋಬಾರ್ಬಿಟೋನ್ ನುಂಗುತ್ತಿದ್ದೇನೆ. 1912ರಿಂದ ಬಳಕೆಯಲ್ಲಿರುವ ಮಾತ್ರೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ಪುಕ್ಕಟೆ ಸಿಗುತ್ತಿತ್ತು, ಹಾಗಾಗಿ ಅದೇ ನನ್ನ ಪಾಲಿಗೆ ಬಂತು. ಅದು ಬಾರ್ಬಿಚುರೇಟ್ ಎಂಬ ಗುಂಪಿಗೆ ಸೇರಿದ್ದು. ಹತ್ತು ಬಗೆಯ ಪದಾರ್ಥ ಹುಡುಕುವ ಪರೀಕ್ಷೆಯ ಪಟ್ಟಿಯಲ್ಲಿ ಬಾರ್ಬಿಚುರೇಟ್ ಕೂಡ ಇರುತ್ತದೆ. ಲೆವೆಟಿರಸೆಟಮ್‌ನಂಥ ಹೊಸ ಮಾತ್ರೆ ಆ ಪಟ್ಟಿಯಲ್ಲಿಲ್ಲ; ಅದು ಫಿನೋಬಾರ್ಬಿಟೋನ್‌ಗಿಂತ ದುಬಾರಿ. ಕಾಯಿಲೆ ಒಂದೇ. ಅಗ್ಗದ ಮಾತ್ರೆ ನುಂಗುವವನು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ, ದುಬಾರಿ ಮಾತ್ರೆ ನುಂಗುವವನು ದಾಟಿ ಹೋಗುತ್ತಾನೆ.

ಓದು ಮುಗಿಸಿ ಬೆಂಗಳೂರಿನ ಕಂಪನಿಯೊಂದಕ್ಕೆ ಆಯ್ಕೆಯಾದೆ. ಕಂಪ್ಯೂಟರ್ ಮುಂದೆ ಕೂತು ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ. ಪರೀಕ್ಷೆ ಪಾಸಿಟಿವ್ ಎಂದಿತು. ಡಾಕ್ಟರ ಚೀಟಿ ಹಿಡಿದು ಹೋದೆ. ಎಚ್‌ಆರ್‌ನವರು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ‘ರಿಪೋರ್ಟ್ ಬಂದಾಗಿದೆ, ಸಿಸ್ಟಮ್‌ನಲ್ಲಿ ಕ್ಲೋಸ್ ಆಗಿದೆ’ ಎಂದರು. ಆ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಒಬ್ಬರ ಮೇಲೆ ಹಗೆ ತೀರಿಸಿಕೊಳ್ಳಲು ನಾನಿದನ್ನು ಬರೆಯುತ್ತಿಲ್ಲ.

ಈ ಪರೀಕ್ಷೆ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದನ್ನು ನೋಡಿ. ಮೊದಲ ಹಂತದ ಪಟ್ಟಿ ಹುಡುಕುವುದು ಒಂದು ಗುಂಪಿನ ರಾಸಾಯನಿಕದ ಸುಳಿವನ್ನು ಮಾತ್ರ. ಅದು ಕೊಂಚ ಹೋಲುವ ಬೇರೆ ಪದಾರ್ಥಕ್ಕೂ ಮೋಸಹೋಗಬಹುದು. ನೆಗಡಿಗೆ ಕೊಡುವ ಸ್ಯೂಡೋಎಫೆಡ್ರಿನ್ ಆಂಫೆಟಮಿನ್ ಎಂದು ಕಾಣಿಸಿಕೊಳ್ಳುವುದುಂಟು. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದರೆ ಅಫೀಮಿನ ಖಾನೆ ಪಾಸಿಟಿವ್ ಆಗುತ್ತದೆ. ಅಷ್ಟೇಕೆ, ಗಸಗಸೆಗೂ ಆ ಶಕ್ತಿಯಿದೆ. ಅಮೆರಿಕದಲ್ಲಿ ಅಧ್ಯಕ್ಷ ರೇಗನ್ 1986ರಲ್ಲಿ ಸರ್ಕಾರಿ ನೌಕರರ ಪರೀಕ್ಷೆಗೆ ಆದೇಶ ಹೊರಡಿಸಿದರು. ಗಸಗಸೆ ಹಾಕಿದ ಬ್ರೆಡ್ ತಿಂದವರೂ ಪಾಸಿಟಿವ್ ಆಗತೊಡಗಿದಾಗ, 1998ರಲ್ಲಿ ಅಫೀಮಿನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿದರು. ಬಟ್ಟಲುಗಟ್ಟಲೆ ಗಸಗಸೆ ಪಾಯಸ ಕುಡಿಯುವ ನಾವು ಈ ಕಥೆಯನ್ನು ನೆನಪಿಡಬೇಕು.

ಆ ಸರ್ಕಾರಿ ವ್ಯವಸ್ಥೆಯಲ್ಲಿ ಇನ್ನೆರಡು ಬೇಲಿಗಳಿವೆ. ಮೊದಲ ಪರೀಕ್ಷೆ ಪಾಸಿಟಿವ್ ಆದರೆ ಅದೇ ಮಾದರಿಯನ್ನು ಇನ್ನೂ ನಿಖರವಾದ ಯಂತ್ರದಲ್ಲಿ ಮತ್ತೆ ಪರೀಕ್ಷಿಸಬೇಕು. ಅದೂ ಪಾಸಿಟಿವ್ ಆದರೆ, ಮಾಲೀಕರಿಗೆ ತಿಳಿಸುವ ಮೊದಲು ಒಬ್ಬ ವೈದ್ಯರು ಅಭ್ಯರ್ಥಿಯೊಡನೆ ಮಾತಾಡಿ, ‘ಯಾವುದಾದರೂ ಔಷಧಿ ತಗೊಳ್ತಿದ್ದೀರಾ?’ ಎಂದು ವಿಚಾರಿಸಬೇಕು. ನನ್ನನ್ನು ಯಾರೂ ವಿಚಾರಿಸಲಿಲ್ಲ. ಡಬ್ಬಿಯನ್ನು ಮಾತ್ರ ಹಡಗಿನಲ್ಲಿ ತಂದು, ಬೇಲಿಗಳನ್ನು ಅಲ್ಲೇ ಬಿಟ್ಟು ಬಂದಂತಾಯಿತು.

‘ಸುರಕ್ಷತೆ ಬೇಡವೇ?’ ಎಂದು ಕೇಳುವವರಿದ್ದಾರೆ. ಬೇಕು. ವಿಮಾನ ಹಾರಿಸುವವರಿಗೆ, ವಿಮಾನ ಸಂಚಾರ ನಿಯಂತ್ರಿಸುವವರಿಗೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2022ರಲ್ಲಿ ಇಂಥ ಪರೀಕ್ಷೆಯ ನಿಯಮ ಜಾರಿಗೆ ತಂದಿತು. ಅದಕ್ಕೆ ನನ್ನ ವಿರೋಧವಿಲ್ಲ. ನನಗೆ ಬಸ್ಸಿನ ಸ್ಟೀರಿಂಗ್ ಕೊಡಿ ಎಂದೂ ನಾನು ಕೇಳುತ್ತಿಲ್ಲ. ಆದರೆ ಕ್ಲೇಮು ಓದುವವನಿಗೆ ಯಾವ ಸುರಕ್ಷತೆ? ಮೂತ್ರದಲ್ಲಿ ಔಷಧದ ಅಂಶವಿದೆ ಎಂದ ಮಾತ್ರಕ್ಕೆ ತಲೆ ಮಂಕಾಗಿದೆ ಎಂದರ್ಥವಲ್ಲ. ಶನಿವಾರ ರಾತ್ರಿಯಿಡೀ ಕುಡಿದವನು ಬುಧವಾರದ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಾನೆ. ಹಾಗಾದರೆ ಇಲ್ಲಿ ಅಳೆಯುತ್ತಿರುವುದು ಯಾವ ಯೋಗ್ಯತೆಯನ್ನು?

ಎಲ್ಲಕ್ಕಿಂತ ಅಪಾಯದ್ದು ಹಾಸ್ಟೆಲುಗಳಲ್ಲಿ ಓಡಾಡುವ ಬಿಟ್ಟಿ ಸಲಹೆ: ‘ಟೆಸ್ಟ್ ಮುಗಿಯೋವರೆಗೆ ಎರಡು ದಿನ ಮಾತ್ರೆ ಬಿಟ್ಟುಬಿಡು ಮಗಾ.’ ನನಗೂ ಇದನ್ನು ಹೇಳಿದವರಿದ್ದರು. ಫಿನೋಬಾರ್ಬಿಟೋನ್ ದೇಹದಲ್ಲಿ ಅರ್ಧಕ್ಕೆ ಇಳಿಯಲೇ ಮೂರು ನಾಲ್ಕು ದಿನ ಬೇಕು, ಎರಡು ದಿನ ಬಿಟ್ಟರೆ ಪರೀಕ್ಷೆಯ ಫಲಿತಾಂಶ ಬದಲಾಗುವುದಿಲ್ಲ. ಬದಲಾಗಲಿ ಎಂದು ಇನ್ನಷ್ಟು ದಿನ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬರಬಹುದು; ಅದು ಪ್ರಾಣಕ್ಕೇ ಎರವಾಗುವುದುಂಟು. ಕೆಲಸ ಬೇಕೋ ಜೀವ ಬೇಕೋ ಎಂಬ ಆಯ್ಕೆಯನ್ನು ಇಪ್ಪತ್ತೆರಡರ ಹುಡುಗ ಹುಡುಗಿಯರ ಮುಂದಿಡುವುದು ಯಾವ ಆರೋಗ್ಯ ತಪಾಸಣೆ?

ಕಾನೂನು ಏನೂ ಹೇಳುವುದಿಲ್ಲವೇ? ಅಲ್ಲಲ್ಲಿ ಹೇಳುತ್ತದೆ. ‘ಅಪಸ್ಮಾರ’ ಇರುವವರ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಡ್ಡಿಯನ್ನು 1999ರಲ್ಲಿ ತೆಗೆದುಹಾಕಲಾಯಿತು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅದೇ ವರ್ಷ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಹಳ್ಳಿಯಲ್ಲಿ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ಹಿಡಿಸುವವರನ್ನು ನಾವು ಮೂಢರೆಂದು ನಗುತ್ತೇವೆ. ಅವರು ಹತ್ತಿರವಾದರೂ ಬರುತ್ತಾರೆ. ಗಾಜಿನ ಕಟ್ಟಡದವರು ಬಾಗಿಲನ್ನೇ ತೆರೆಯುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಎಲ್ಲರಿಗೂ ಒಂದೇ ಪರೀಕ್ಷೆ ಬೇಡ, ಕೆಲಸದ ಅಪಾಯ ನೋಡಿ ಮಾಡಿ. ಪಾಸಿಟಿವ್ ಬಂದರೆ ಎರಡನೇ ಪರೀಕ್ಷೆ ಕಡ್ಡಾಯವಾಗಲಿ. ಯಾವ ಮಾತ್ರೆ ಎಂಬ ಪ್ರಶ್ನೆಯನ್ನು ವೈದ್ಯರು ಕೇಳಲಿ, ಎಚ್‌ಆರ್‌ಗೆ ತಲುಪುವುದು ‘ಈ ಕೆಲಸ ಮಾಡಬಲ್ಲರು’ ಅಥವಾ ‘ಮಾಡಲಾರರು’ ಎಂಬ ಒಂದು ಸಾಲು ಮಾತ್ರ. ನಿರಾಕರಿಸಿದರೆ ಕಾರಣ ಬರವಣಿಗೆಯಲ್ಲಿರಲಿ.

ಕ್ಯಾಂಪಸ್ ಸಂದರ್ಶನಕ್ಕೆ ಸಿದ್ಧವಾಗುತ್ತಿರುವವರೇ, ಮಾತ್ರೆ ಬಿಡಬೇಡಿ. ಚೀಟಿಯ ಪ್ರತಿ ಜೇಬಿನಲ್ಲಿಡಿ, ಮಾದರಿ ಕೊಡುವ ಮೊದಲೇ ಲ್ಯಾಬಿನ ವೈದ್ಯರಿಗೆ ತೋರಿಸಿ, ತೋರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಅವರು ಗೊಣಗಲಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗಾದರೂ ಅವರೇ ಮೊದಲು ಕೇಳಿಯಾರು.